ಹಳೇ ವಾಲ್ವ್ ಗಿಟಾರ್ ಆಂಪ್: ನಾರ್ಮಲ್ ಚಾನಲ್‌ಗೂ ರಿವರ್ಬ್ ಕೊಡುವ ಬಗೆ

ಅಪ್ಪ ಚಿಕ್ಕಮಗಳೂರಿನ ಸುತ್ತಲಿನ ತೋಟದ ಮನೆಗಳಿಗೆ ಹೋಗಿ ವಾಲ್ವ್ ರೇಡಿಯೋ ರಿಪೇರಿ ಮಾಡುತ್ತಿದ್ದರು. ನನಗೆ ಬೆಸುಗೆ ಹಾಕಲು ಕಲಿಸಿದ್ದು ಅವರೇ. ಈಗ ನನ್ನ ಮೇಜಿಗೆ ರೇಡಿಯೋ ಬರುವುದು ಅಪರೂಪ, ಗಿಟಾರ್ ಆಂಪ್ ಬರುತ್ತವೆ. ಹೋದ ಫೆಬ್ರವರಿಯಲ್ಲಿ ಆಲ್ದೂರು ಕಡೆಯ ಹುಡುಗನೊಬ್ಬ ಹಳೇ ಫೆಂಡರ್ ಡಿಲಕ್ಸ್ ರಿವರ್ಬ್ ಹೊತ್ತು ತಂದ. "ಅಣ್ಣಾ, ಇದರಲ್ಲಿ ಎರಡು ಚಾನಲ್ ಇದೆ. ಒಂದು ಸುಮ್ನೆ ಬಿದ್ದಿದೆ" ಎಂದ.

ಅವನು ಹೇಳಿದ್ದು ನಿಜ. ಎಬಿ763 ಸರ್ಕ್ಯೂಟ್‌ನಲ್ಲಿ, ಅಂದರೆ 1963ರ ಜುಲೈ ನಕ್ಷೆಯಲ್ಲಿ, ರಿವರ್ಬ್ (ದೊಡ್ಡ ಹಾಲ್‌ನಲ್ಲಿ ನುಡಿಸಿದಂಥ ಗುಂಗು) ಮತ್ತು ಟ್ರೆಮೊಲೊ (ದನಿಯ ಏರಿಳಿತ) ವೈಬ್ರಾಟೊ ಎಂಬ ಚಾನಲ್‌ಗೆ ಮಾತ್ರ ಇವೆ, ನಾರ್ಮಲ್ ಚಾನಲ್‌ಗೆ ಇಲ್ಲ. ಎರಡೂ ಚಾನಲ್ ಸೇರಿಸಿ ನುಡಿಸೋಣ ಅಂದರೆ ಇನ್ನೊಂದು ತೊಡಕು. ನಾರ್ಮಲ್ ಚಾನಲ್ ಸಿಗ್ನಲ್ ಹೆಚ್ಚಿಸುವ ಎರಡು ಹಂತ ದಾಟಿ ಹೋಗುತ್ತದೆ, ವೈಬ್ರಾಟೊ ಮೂರು ಹಂತ ದಾಟುತ್ತದೆ. ಪ್ರತಿ ಹಂತದಲ್ಲೂ ಸಿಗ್ನಲ್ ತಲೆಕೆಳಗಾಗುತ್ತದೆ. ಹಾಗಾಗಿ ಕೊನೆಯಲ್ಲಿ ಒಂದು ಮೇಲೆ ಹೋದಾಗ ಇನ್ನೊಂದು ಕೆಳಗೆ. ಎರಡೂ ಸೇರಿದರೆ ದನಿ ತುಂಬುವ ಬದಲು ತೆಳ್ಳಗಾಗುತ್ತದೆ.

ಇದಕ್ಕೆ ಒಂದೇ ವೈರಿನ ಪರಿಹಾರ ಇದೆ. ಆದರೆ ಮೊದಲು ಜೀವದ ಮಾತು.

ಒಳಗೆ 400 ವೋಲ್ಟ್‌ಗಿಂತ ಜಾಸ್ತಿ ಇರುತ್ತದೆ, ಪ್ಲಗ್ ಕಿತ್ತ ಮೇಲೂ ಕಂಡೆನ್ಸರ್‌ಗಳಲ್ಲಿ ಉಳಿದಿರುತ್ತದೆ. ಪ್ಲಗ್ ತೆಗೆದು, 2 ವ್ಯಾಟಿನ 100ಕೆ (ಒಂದು ಲಕ್ಷ ಓಮ್) ರೆಸಿಸ್ಟರ್‌ನ ಒಂದು ತುದಿ ಚಾಸಿಗೆ, ಅಂದರೆ ಲೋಹದ ತಟ್ಟೆಗೆ, ಇನ್ನೊಂದು ತುದಿ ಪ್ಲೇಟ್ ರೆಸಿಸ್ಟರ್‌ಗಳಿಗೆ (ವಾಲ್ವಿನ ಪ್ಲೇಟಿಗೆ ಕರೆಂಟ್ ಕೊಡುವ ರೆಸಿಸ್ಟರ್‌ಗಳಿಗೆ) ಸಪ್ಲೈ ಬರುವ ಜಾಗಕ್ಕೆ ಕ್ಲಿಪ್ ಹಾಕಿ. ಒಂದು ನಿಮಿಷ ಬಿಡಿ. ಆಮೇಲೆ ಸ್ಪೀಕರ್ ನಡೆಸುವ ಪವರ್ ವಾಲ್ವ್ 6ವಿ6ನ 3ನೇ ಪಿನ್ನಿನಲ್ಲಿ ಮೀಟರ್ ಇಟ್ಟು, ಸೊನ್ನೆ ಕಂಡ ಮೇಲೇ ಕೈ ಹಾಕಿ. ಅಪ್ಪ ಯಾವಾಗಲೂ ಎಡಗೈ ಜೇಬಿನಲ್ಲಿ ಇಟ್ಟುಕೊಂಡೇ ವೋಲ್ಟೇಜ್ ನೋಡುತ್ತಿದ್ದರು. ನಾನೂ ಹಾಗೇ ಮಾಡುತ್ತೇನೆ.

ಅಮೆರಿಕದ ಆಂಪ್ ಆದರೆ 120 ವೋಲ್ಟಿನದು. ನಮ್ಮ 230ಕ್ಕೆ ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಬೇಕೇ ಬೇಕು. ಎಷ್ಟೋ ಸ್ಟೆಪ್‌ಡೌನ್‌ಗಳಲ್ಲಿ ಅರ್ತ್ ಈ ಕಡೆಯಿಂದ ಆ ಕಡೆಗೆ ದಾಟುವುದೇ ಇಲ್ಲ, ಮೀಟರ್ ಇಟ್ಟು ನೋಡಿ. ಎರಡು ಪಿನ್ನಿನ ಹಳೇ ವೈರ್ ಇದ್ದರೆ ಕಿತ್ತು ಮೂರು ಎಳೆಯದು ಹಾಕಿ, ಹಸಿರು ಎಳೆಯನ್ನು ಚಾಸಿಗೆ ಬಿಗಿಯಿರಿ. ಗ್ರೌಂಡ್ ಸ್ವಿಚ್ಚಿನಿಂದ ಚಾಸಿಗೆ ಹೋಗುವ ಕಂಡೆನ್ಸರ್ ತೆಗೆದುಬಿಡಿ. ಅದು ಶಾರ್ಟ್ ಆದರೆ ಗಿಟಾರ್ ತಂತಿಗೇ ಕರೆಂಟ್ ಬರುತ್ತದೆ.

ಮಳೆಗಾಲದಲ್ಲಿ ಈ ಕೆಲಸ ಬೇಡ. ಒಳಗಿನ ಕಪ್ಪು ಫೈಬರ್ ಬೋರ್ಡ್ ತೇವ ಹೀರಿಕೊಂಡು ತಾನೇ ಕರೆಂಟ್ ಹರಿಸಲು ಶುರು ಮಾಡುತ್ತದೆ. ಚಟಪಟ ಸದ್ದು ಬಂದರೆ ತಪ್ಪು ನಿಮ್ಮ ಬೆಸುಗೆಯದೋ ತೇವದ್ದೋ ತಿಳಿಯುವುದಿಲ್ಲ. ಕಾಫಿ ಕೊಯ್ಲು ಮುಗಿದು ಕಣದಲ್ಲಿ ಬಿಸಿಲು ಬಿದ್ದಿರುವ ದಿನಗಳೇ ಸರಿ.

ಈಗ ಕೆಲಸ. ಹಿಂದಿನಿಂದ ನೋಡಿದರೆ ಬಲ ತುದಿಯ ವಾಲ್ವ್ ನಾರ್ಮಲ್ ಚಾನಲ್‌ದು, ಅದರ ಪಕ್ಕದ್ದು ವೈಬ್ರಾಟೊದ್ದು. ಮೊದಲ ಸಾಕೆಟ್ಟಿನ 6ನೇ ಪಿನ್ನಿನಿಂದ ಬೋರ್ಡಿಗೆ ಹೋಗುವ ವೈರನ್ನು ಪಿನ್ನಿನಿಂದ ಬಿಡಿಸಿ. ಆ ಪಿನ್ನಿನಿಂದ ಎರಡನೇ ಸಾಕೆಟ್ಟಿನ 6ನೇ ಪಿನ್ನಿಗೆ, 600 ವೋಲ್ಟ್ ತಾಳುವ ಹೊಸ ವೈರ್ ಹಾಕಿ. ಚಾಸಿಗೆ ಅಂಟಿದಂತೆ ಎಳೆಯಿರಿ, ಹೆಣೆದ ಹೀಟರ್ ವೈರಿನಿಂದ ದೂರ ಇರಲಿ. ಇನ್ನು ಎರಡು ಚಾನಲ್ಲೂ ಒಂದೇ ಪ್ಲೇಟ್ ರೆಸಿಸ್ಟರ್ ಹಂಚಿಕೊಂಡು, ರಿವರ್ಬ್‌ಗೆ ಮೊದಲೇ ಕೂಡುತ್ತವೆ. ಹಂತಗಳೂ ಸಮ ಆದವು.

ಬಿಡಿಸಿದ ವೈರಿನ ತುದಿಯನ್ನು ಮರೆಯಬೇಡಿ. ಅದರಲ್ಲಿ ಈಗ ಪೂರ್ತಿ ಸಪ್ಲೈ ವೋಲ್ಟೇಜ್ ಇರುತ್ತದೆ. ಮೊದಲ ಸಲ ಮಾಡಿದಾಗ ನಾನು ಅದಕ್ಕೆ ಟೇಪ್ ಸುತ್ತಿ ಬಿಟ್ಟಿದ್ದೆ. ಬಿಸಿಗೆ ಟೇಪ್ ಜಾರಿ, ತುದಿ ಚಾಸಿಗೆ ತಾಗಿ, 100ಕೆ ರೆಸಿಸ್ಟರ್ ಕರಕಲಾಯಿತು. ಎರಡು ಪದರ ಸ್ಲೀವ್ ಹಾಕಿ ಕಟ್ಟಿಬಿಡಿ.

ಇನ್ನೊಂದು ಕೊನೆ ಉಳಿದಿದೆ. ಎರಡು ಚಾನಲ್‌ಗಳನ್ನು ಕೊನೆಯಲ್ಲಿ ಕೂಡಿಸುವ ಮಿಕ್ಸ್ ರೆಸಿಸ್ಟರ್‌ಗಳಲ್ಲಿ ನಾರ್ಮಲ್ ಕಡೆಯ 220ಕೆ ಹಾಗೇ ಇದ್ದರೆ ಸಪ್ಲೈಯ ಗುಂಯ್ ಸದ್ದು ಅದರ ಮೂಲಕ ಒಳಗೆ ಬರಬಹುದು. ಅದರ ಕಪ್ಲಿಂಗ್ ಕಂಡೆನ್ಸರ್ (ಸಿಗ್ನಲ್ಲನ್ನು ಮುಂದಕ್ಕೆ ದಾಟಿಸುವ ಕಂಡೆನ್ಸರ್) ಕಡೆಯ ತುದಿಯನ್ನು ಎತ್ತಿ ಗ್ರೌಂಡಿಗೆ ಹಾಕಿ. ಬರೀ ಎತ್ತಿ ಬಿಟ್ಟರೂ ನಡೆಯುತ್ತದೆ, ಆದರೆ ಆಗ ಆಂಪ್ ಸದ್ದು ಜಾಸ್ತಿಯಾಗಿ ವಾಲ್ಯೂಮ್ ಹಿಡಿತಕ್ಕೆ ಸಿಗುವುದು ಕಷ್ಟ. ನನಗೆ ಗ್ರೌಂಡ್ ಮಾಡಿದ್ದೇ ಇಷ್ಟ.

ನಾರ್ಮಲ್ ಚಾನಲ್‌ಗೆ ಸ್ವಲ್ಪ ಮೈ ಬರಲಿ ಅನ್ನಿಸಿದರೆ, ಅದರ ಬಾಸ್ ಪಾಟ್ (ಬಾಸ್ ತಿರುಗಿಸುವ ಗುಂಡಿ) ಹಿಂದಿನ 6.8ಕೆ ರೆಸಿಸ್ಟರ್ ಬದಲಿಗೆ 15ಕೆ ಹಾಕಿ. ಮಧ್ಯದ ಸ್ವರಗಳು ಮುಂದೆ ಬರುತ್ತವೆ.

ಮೊದಲ ಸಲ ಆನ್ ಮಾಡುವಾಗ ಸ್ಪೀಕರ್ ಸೇರಿಸಿ, ಕರೆಂಟನ್ನು 100 ವ್ಯಾಟ್ ಸೀರೀಸ್ ಬಲ್ಬಿನ (ಕರೆಂಟ್ ಬರುವ ದಾರಿಯಲ್ಲೇ ಸೇರಿಸಿದ ಫಿಲಮೆಂಟ್ ಬಲ್ಬಿನ) ಮೂಲಕ ಕೊಡಿ. ಬಲ್ಬ್ ಮೊದಲು ಉರಿದು ಮಂಕಾದರೆ ಸರಿ, ಹಾಗೇ ಜೋರಾಗಿ ಉರಿಯುತ್ತಿದ್ದರೆ ತಕ್ಷಣ ಆರಿಸಿ. 6ನೇ ಪಿನ್ನಿನ ವೋಲ್ಟೇಜ್ ಮೊದಲಿಗಿಂತ ಕಡಿಮೆ ತೋರಿಸುತ್ತದೆ. ಒಂದೇ ರೆಸಿಸ್ಟರ್‌ನಲ್ಲಿ ಇಬ್ಬರು ಎಳೆಯುತ್ತಿದ್ದಾರೆ ಅಲ್ವಾ, ಗಾಬರಿ ಬೇಡ.

ಗಿಟಾರನ್ನು ನಾರ್ಮಲ್ 1ನೇ ಜಾಕ್‌ಗೆ ಸಿಕ್ಕಿಸಿ, ನಾರ್ಮಲ್ 2ರಿಂದ ವೈಬ್ರಾಟೊ 1ಕ್ಕೆ ಚಿಕ್ಕ ಕೇಬಲ್ ಕೊಡಿ. ಹುಡುಗ ನಾರ್ಮಲ್ ವಾಲ್ಯೂಮ್ 4ಕ್ಕೆ, ವೈಬ್ರಾಟೊ ವಾಲ್ಯೂಮ್ 3ಕ್ಕೆ ಇಟ್ಟು ಒಂದೇ ಕಾರ್ಡ್ ಹೊಡೆದ. ಕೆಳಗಿನ ತಂತಿಗಳ ದಪ್ಪ ಒಂದರಿಂದ, ಮೇಲಿನ ಹೊಳಪು ಇನ್ನೊಂದರಿಂದ, ಎರಡಕ್ಕೂ ಸೇರಿ ರಿವರ್ಬ್. ಅವನು ಅರ್ಧ ಗಂಟೆ ಎದ್ದೇಳಲಿಲ್ಲ.

ತೆಗೆದ ರೆಸಿಸ್ಟರ್, ಕಂಡೆನ್ಸರ್ ಎಲ್ಲವನ್ನೂ ಒಂದು ಲಕೋಟೆಗೆ ಹಾಕಿ, ಏನು ಬದಲಾಯಿಸಿದೆ, ಯಾವ ತಾರೀಖು ಎಂದು ಅದರ ಮೇಲೆ ಬರೆದು, ಪೆಟ್ಟಿಗೆಯ ಒಳಗೋಡೆಗೆ ಅಂಟಿಸಿ ಕಳಿಸಿದೆ.