ಹಳೆಯ ಬಿಬಿಸಿ ಮೈಕ್ರೊ ಪರದೆಯಿಂದ ಸೆರಗು ಹಿಡಿಯುವುದು ಹೇಗೆ?

ನಮ್ಮ ಅಕ್ಕನ ಮಗ ಇಳಕಲ್ಲಿನವನು. ರಜೆಗೆ ಬಾಗಲಕೋಟೆಯ ನವನಗರಕ್ಕೆ, ನಮ್ಮ ಮನೆಗೆ ಬಂದಿದ್ದ. ಮೂರು ಸಂಜೆ ಕೂತು ನನ್ನ ಹಳೆಯ ಬಿಬಿಸಿ ಮೈಕ್ರೊದಲ್ಲಿ ಇಳಕಲ್ ಸೀರೆಯ ಟೋಪ ತೆನಿ ಸೆರಗಿನ ಚಿತ್ರ ಬರೆದ. ಚೆಂದ ಬಂದಿತ್ತು. ಫ್ಲಾಪಿಗೆ ಹಾಕಿ ಮಲಗಿದ. ಬೆಳಿಗ್ಗೆ ತೆರೆದರೆ ಸೆರಗಿನ ಕೆಳತುದಿ ಹೋಗಿ ತಲೆಯ ಮೇಲೆ ಕೂತಿದೆ. ಚಿತ್ರದ ಮೇಲೆ ಅವನೇ ಹೊಡೆದ ಆಜ್ಞೆ ಬಿಳಿ ಅಕ್ಷರದಲ್ಲಿ ಬಿದ್ದಿದೆ.

‘ಮಾಮಾ, ನಿಮ್ಮ ಮಷೀನ್ ಕೆಟ್ಟೈತಿ’ ಅಂದ.

ಮಷೀನ್ ಕೆಟ್ಟಿರಲಿಲ್ಲ. ಈ ಹಳೆಯ ಕಂಪ್ಯೂಟರ್ ಹಚ್ಚಿಕೊಂಡು ಕೂರುವ ಎಲ್ಲರೂ ಒಮ್ಮೆ ಈ ತಪ್ಪು ಮಾಡುತ್ತಾರೆ. ನಾನೂ ಮಾಡಿದ್ದೇನೆ.

ಕೇಂಬ್ರಿಡ್ಜ್‌ನ ಏಕಾರ್ನ್ ಕಂಪನಿ ಇದನ್ನು ಮಾರುಕಟ್ಟೆಗೆ ತಂದದ್ದು 1981ರಲ್ಲಿ. 1984ರಲ್ಲಿ ಶುರುವಾದ ‘ಕ್ಲಾಸ್’ ಯೋಜನೆಯಲ್ಲಿ ನಮ್ಮ ದೇಶದ ಶಾಲೆಗಳಿಗೂ ಬಂತು. ಇದರಲ್ಲಿ ಪ್ರಿಂಟ್ ಸ್ಕ್ರೀನ್ ಕೀಲಿ ಇಲ್ಲ. ಬೇಕಾಗಿಯೂ ಇಲ್ಲ. ಮಾಡೆಲ್ ಬಿ ಮಷೀನಿನ 32 ಕೆಬಿ ಮೆಮೊರಿಯ ಒಂದು ತುಂಡೇ ಪರದೆ. ಆ ತುಂಡನ್ನು ಎತ್ತಿ ಡಿಸ್ಕಿಗೆ ಹಾಕಿದರೆ ಮುಗಿಯಿತು. ಹೇಳುವುದು ಸುಲಭ, ಅಲ್ವಾ?

ಒಂದು ಮಾತು. ಆಜ್ಞೆಗಳನ್ನು ಇಲ್ಲಿ ಕನ್ನಡ ಲಿಪಿಯಲ್ಲಿ ಬರೆದಿದ್ದೇನೆ. ಕೀಲಿಮಣೆಯಲ್ಲಿ ಇಂಗ್ಲಿಷಿನ ದೊಡ್ಡಕ್ಷರದಲ್ಲಿ ಹೊಡೆಯಿರಿ.

ಹೆಜ್ಜೆ 1: ಪವರ್ ಸಪ್ಲೈ ಬಿಚ್ಚಿಸಿ ಹಳೆಯ ಫಿಲ್ಟರ್ ಕೆಪಾಸಿಟರ್ ಬದಲಿಸಿ. ಇಲ್ಲದಿದ್ದರೆ ಒಂದು ದಿನ ಹೊಗೆ ಬರುತ್ತದೆ. ಈ ಕೆಲಸ ತಿಳಿದವರಿಂದಲೇ ಮಾಡಿಸಿ.

ಹೆಜ್ಜೆ 2: ಮೋಡ್ 1 ಆರಿಸಿ. ಬೇರೆ ಮೋಡ್‌ಗಳೂ ಇವೆ, ಆದರೆ ನನ್ನ ಮಾತು ಕೇಳಿ, ಇದನ್ನೇ ಆರಿಸಿ. ಅಡ್ಡಕ್ಕೆ 320 ಚುಕ್ಕೆ, ಉದ್ದಕ್ಕೆ 256, ನಾಲ್ಕು ಬಣ್ಣ. ತಾನಾಗಿ ಬರುವ ಬಣ್ಣಗಳು ಕಪ್ಪು, ಕೆಂಪು, ಹಳದಿ, ಬಿಳಿ. ಕೆಂಪು ಬಿಳಿಯ ಇಳಕಲ್ ಸೆರಗಿಗೆ ಇನ್ನೇನು ಬೇಕು?

ಹೆಜ್ಜೆ 3: ಎಲ್ಲರೂ ಎಡವುವುದು ಇಲ್ಲೇ. ನಿಧಾನವಾಗಿ ಓದಿ.

ಮೋಡ್ 1ರಲ್ಲಿ ಪರದೆಯ ಮೆಮೊರಿ ಹೆಕ್ಸ್ ಲೆಕ್ಕದಲ್ಲಿ, ಅಂದರೆ ಹತ್ತರ ಬದಲು ಹದಿನಾರರ ಗುಂಪಿನಲ್ಲಿ ಎಣಿಸುವ ಲೆಕ್ಕದಲ್ಲಿ, 3000ದಿಂದ ಶುರುವಾಗಿ 8000ಕ್ಕೆ ಮುಗಿಯುತ್ತದೆ. ನಮ್ಮ ಲೆಕ್ಕದಲ್ಲಿ 20,480 ಬೈಟ್. ಹಾಗಾಗಿ ಎಲ್ಲರೂ ‘*ಸೇವ್ ಸೆರಗು 3000 8000’ ಎಂದು ಹೊಡೆಯುತ್ತಾರೆ. ಆಜ್ಞೆ ಸರಿಯೇ. ಆದರೆ ಹೊಡೆಯುವಾಗ ಎರಡು ಅನಾಹುತ ಆಗುತ್ತವೆ. ಒಂದು, ಆ ಅಕ್ಷರಗಳು ಚಿತ್ರದ ಮೇಲೆಯೇ ಮೂಡುತ್ತವೆ. ಇದು ಕಣ್ಣಿಗೆ ಕಾಣುತ್ತದೆ. ಎರಡನೆಯದು ಕಾಣುವುದಿಲ್ಲ.

ಕರ್ಸರ್ ಕೊನೆಯ ಸಾಲಿನಲ್ಲಿದ್ದು ನೀವು ರಿಟರ್ನ್ ಒತ್ತಿದರೆ ಪರದೆ ಒಂದು ಸಾಲು ಮೇಲೆ ಸರಿಯುತ್ತದೆ. 20 ಕೆಬಿ ಮೆಮೊರಿಯನ್ನು ಒಂದೊಂದೇ ಬೈಟ್ ಎತ್ತಿ ಸರಿಸಲು ಹೊತ್ತು ಹಿಡಿಯುತ್ತದೆ. ಅದಕ್ಕೆ ಈ ಮಷೀನ್ ಒಂದು ಜಾಣತನ ಮಾಡುತ್ತದೆ. ಮೆಮೊರಿಯನ್ನು ಅಲ್ಲೇ ಬಿಟ್ಟು, ‘ಇನ್ನು ಮುಂದೆ 3000ದಿಂದ ಬೇಡ, 3280ರಿಂದ ತೋರಿಸು’ ಎಂದು ವಿಡಿಯೊ ಚಿಪ್ಪಿಗೆ ಹೇಳುತ್ತದೆ. ಹೆಕ್ಸ್ 280 ಅಂದರೆ 640 ಬೈಟ್, ಸರಿಯಾಗಿ ಒಂದು ಸಾಲು. ಖಾಲಿಯಾದ 3000ದ ಜಾಗ ಈಗ ಪರದೆಯ ಕೊನೆಯ ಸಾಲು. ಪರದೆಯಲ್ಲಿ ಎಲ್ಲ ಸರಿಯಾಗಿಯೇ ಕಾಣುತ್ತದೆ. ಆದರೆ ಫೈಲಿಗೆ ಹೋಗುವುದು 3000ದಿಂದ, ಅಂದರೆ ಕೊನೆಯ ಸಾಲೇ ಮೊದಲು. ನಾಳೆ ಹೊಸದಾಗಿ ಮೋಡ್ 1 ಹಾಕಿ ತೆರೆದರೆ ಬಾಲ ತಲೆಯ ಮೇಲೆ.

ಪರಿಹಾರ ಒಂದೇ ಸಾಲಿನದು. ಪ್ರೋಗ್ರಾಂ ಹೀಗೆ ಶುರುವಾಗಲಿ:

10 ಮೋಡ್ 1
20 ವಿಡಿಯು 28,0,31,39,28

ವಿಡಿಯು ಎಂದದ್ದನ್ನು VDU ಎಂದು ಹೊಡೆಯಿರಿ. 20ನೇ ಸಾಲು ಅಕ್ಷರಗಳಿಗೆ ಒಂದು ಕಿಟಕಿ ಕಟ್ಟುತ್ತದೆ. ಎಡ, ಕೆಳಗೆ, ಬಲ, ಮೇಲೆ, ಇದೇ ಕ್ರಮದಲ್ಲಿ. ಕ್ರಮ ತಪ್ಪಿದರೆ ಕಿಟಕಿ ಬೀಳುವುದಿಲ್ಲ. ಇನ್ನು ಮೇಲೆ ನೀವು ಹೊಡೆಯುವುದೆಲ್ಲ ಕೆಳಗಿನ ನಾಲ್ಕೇ ಸಾಲಿನಲ್ಲಿ ಬೀಳುತ್ತದೆ. ಇನ್ನೊಂದು ಲಾಭವೂ ಇದೆ. ಅಕ್ಷರದ ಕಿಟಕಿ ಇರುವಾಗ ಮಷೀನ್ ತನ್ನ ಜಾಣತನ ಬಿಟ್ಟು, ಆ ನಾಲ್ಕು ಸಾಲನ್ನು ಬೈಟ್ ಎತ್ತಿಯೇ ಸರಿಸುತ್ತದೆ. 3000 ಎಂಬುದು 3000ವಾಗಿಯೇ ಉಳಿಯುತ್ತದೆ. ಚಿತ್ರ ಬರೆಯುವಾಗ ವೈ ಅಳತೆ 128ಕ್ಕಿಂತ ಕೆಳಗೆ ಇಳಿಯಬಾರದು, ಅಷ್ಟೇ. ಒಂದು ಸಾಲಿಗೆ 32, ನಾಲ್ಕು ಸಾಲಿಗೆ 128.

ಮೋಡ್ ಆಜ್ಞೆ ಕಿಟಕಿಯನ್ನು ಅಳಿಸುತ್ತದೆ. ಆದ್ದರಿಂದ 20ನೇ ಸಾಲು 10ರ ನಂತರವೇ ಇರಬೇಕು. ನಮ್ಮ ಹುಡುಗ ಇದನ್ನೂ ತಿರುವುಮುರುವು ಬರೆದು ಇನ್ನೊಂದು ಸಂಜೆ ಕಳೆದ.

ಹೆಜ್ಜೆ 4: ಈಗ ‘*ಸೇವ್ ಸೆರಗು 3000 7600’ ಎಂದು ಹೊಡೆಯಿರಿ. 8000 ಅಲ್ಲ, 7600. ಕೆಳಗಿನ ನಾಲ್ಕು ಸಾಲು ಫೈಲಿಗೆ ಹೋಗುವುದೇ ಇಲ್ಲ. ಡಿಸ್ಕಿನಲ್ಲಿ ಹೆಸರು ಏಳು ಅಕ್ಷರ ಮೀರುವಂತಿಲ್ಲ. ಈ ಆಜ್ಞೆಯನ್ನು ಪ್ರೋಗ್ರಾಂ ಒಳಗೂ ಬರೆಯಬಹುದು, ಆದರೆ ಆ ಸಾಲಿನಲ್ಲಿ ಅದೇ ಕೊನೆಯದಾಗಿರಲಿ. ನಕ್ಷತ್ರದ ನಂತರ ಬಂದದ್ದನ್ನೆಲ್ಲ ಮಷೀನ್ ಅದೇ ಆಜ್ಞೆಯ ಬಾಲ ಎಂದುಕೊಳ್ಳುತ್ತದೆ.

ಕ್ಯಾಸೆಟ್ಟಿಗೆ ಹಾಕಬಹುದಾ ಎಂದು ಕೇಳಬೇಡಿ. ಒಂದು ಚಿತ್ರಕ್ಕೆ ಮೂರು ನಿಮಿಷ ಹೊತ್ತು ಕುಯ್ಯೋ ಎನ್ನುತ್ತದೆ. ಅಷ್ಟರಲ್ಲಿ ಕರೆಂಟ್ ಹೋದರೆ ಸೆರಗೂ ಇಲ್ಲ, ಸೀರೆಯೂ ಇಲ್ಲ. ಮೊಬೈಲಿನಲ್ಲಿ ಪರದೆಯ ಫೋಟೊ ಹೊಡೆದರೆ ಕಪ್ಪು ಪಟ್ಟಿ ಬರುತ್ತದೆ. ಆನ್‌ಲೈನಿನಲ್ಲಿ ಅಗ್ಗಕ್ಕೆ ಸಿಗುವ ವಿಡಿಯೊ ಹಿಡಿಯುವ ಡಬ್ಬಿ ತರಿಸಿ ನಾನು ದುಡ್ಡು ಕಳೆದುಕೊಂಡಿದ್ದೇನೆ. ಕೆಂಪು ಬಣ್ಣ ಒದ್ದೆ ಬಟ್ಟೆಯಿಂದ ಇಳಿದಂತೆ ಹರಡುತ್ತದೆ.

ಹೆಜ್ಜೆ 5: ಇಡೀ ಪರದೆ ಬೇಡ, ಒಂದು ಚೌಕ ಸಾಕು ಎಂದರೆ? ಸೀರೆಯ ದಡಿಯಲ್ಲಿ ಬರುವ ಗೋಮಿ ವಿನ್ಯಾಸದ ಒಂದು ತುಣುಕು ಹಿಡಿದರೆ ಸಾಲಾಗಿ ಅಚ್ಚು ಒತ್ತಬಹುದಲ್ಲ. ಮೋಡ್ 1ರಲ್ಲಿ ಒಂದು ಅಕ್ಷರದ ಮನೆಗೆ 16 ಬೈಟ್. ಮನೆಯ ವಿಳಾಸ ಬೇಕಾದರೆ 12288ಕ್ಕೆ (ಹೆಕ್ಸ್‌ನ 3000 ಇದೇ) ಸಾಲಿನ 640 ಪಟ್ಟು, ಕಾಲಂನ 16 ಪಟ್ಟು ಕೂಡಿಸಿ. ಸಾಲು 10, ಕಾಲಂ 4 ಆದರೆ 18752. ಅಲ್ಲಿಂದ ಎಂಟು ಮನೆ ಅಗಲ, ಆರು ಸಾಲು ಎತ್ತರದ ಚೌಕಕ್ಕೆ 768 ಬೈಟ್ ಸಾಕು. ಮೋಡ್ 1 ಹಾಕಿದ ಮೇಲೆ ‘ಹೈಮೆಮ್=10240’ (HIMEM) ಎಂದು ಬರೆದು ಜಾಗ ಕಾಯ್ದಿರಿಸಿ. ಆಮೇಲೆ:

100 ಡಿ=10240
110 ಫಾರ್ ಎಸ್=10 ಟು 15
120 ಫಾರ್ ಐ=0 ಟು 124 ಸ್ಟೆಪ್ 4
130 !(ಡಿ+ಐ)=!(12288+ಎಸ್*640+64+ಐ)
140 ನೆಕ್ಸ್ಟ್
150 ಡಿ=ಡಿ+128
160 ನೆಕ್ಸ್ಟ್
170 *ಸೇವ್ ಗೋಮಿ 2800+300

10240 ಎಂಬುದೇ ಹೆಕ್ಸ್‌ನ 2800. 768 ಎಂಬುದೇ 300. ಆಶ್ಚರ್ಯಸೂಚಕ ಚಿಹ್ನೆ ಒಮ್ಮೆಗೆ ನಾಲ್ಕು ಬೈಟ್ ಎತ್ತುತ್ತದೆ, ಅದಕ್ಕೇ ಸ್ಟೆಪ್ 4. ವಾಪಸ್ ಒತ್ತುವಾಗ 130ನೇ ಸಾಲಿನ ಎಡ ಬಲ ಅದಲು ಬದಲು ಮಾಡಿ. 64ರ ಬದಲು 0, 128, 256, 384, 512 ಹಾಕಿದರೆ ಪರದೆಯ ಅಗಲಕ್ಕೆ ಸರಿಯಾಗಿ ಐದು ಅಚ್ಚು. ಪ್ರತಿ ಅಚ್ಚಿಗೂ ಡಿ ಮತ್ತೆ 10240 ಆಗಬೇಕು. ಮರೆತರೆ ಕಸ ಮೂಡುತ್ತದೆ.

ತೆರೆಯುವುದು: ಮೋಡ್ 1, ಅದೇ ವಿಡಿಯು 28 ಸಾಲು, ಆಮೇಲೆ ‘*ಲೋಡ್ ಸೆರಗು 3000’. ವಿಡಿಯು 19ರಿಂದ ಕೆಂಪನ್ನು ನೀಲಿ ಮಾಡಿಕೊಂಡಿದ್ದರೆ ಆ ಬದಲಾವಣೆ ಫೈಲಿನಲ್ಲಿ ಇರುವುದಿಲ್ಲ. ಅದನ್ನು ಮತ್ತೆ ಹೊಡೆಯಬೇಕು. ಬಣ್ಣ ಹಾಳಾಯಿತು ಎಂದು ಫ್ಲಾಪಿಗೆ ಬೈಯಬೇಡಿ.

ಬೇರೆಯವರು ಬರೆದ ಆಟದ ಪರದೆ ಬೇಕಾದರೆ ಒಂದು ಕಳ್ಳದಾರಿ ಇದೆ. ಆಟದ ನಡುವೆ ಬ್ರೇಕ್ ಒತ್ತಿ. ಮಷೀನ್ ಮೋಡ್ 7ಕ್ಕೆ ಹೋಗುತ್ತದೆ. ಅದು ಬಳಸುವುದು ಕೊನೆಯ 1 ಕೆಬಿ ಮಾತ್ರ, ಉಳಿದದ್ದು ಮೆಮೊರಿಯಲ್ಲಿ ಹಾಗೇ ಬಿದ್ದಿರುತ್ತದೆ. ಹಳೆಯ 3000 8000 ಆಜ್ಞೆಯನ್ನೇ ಹೊಡೆಯಿರಿ. ಮೋಡ್ 1ರ ಆಟವಾದರೆ ಕೆಳಗಿನ ಒಂದೂವರೆ ಸಾಲಿಗಿಂತ ತುಸು ಜಾಸ್ತಿ ಹೋಗುತ್ತದೆ, ಮಿಕ್ಕದ್ದು ಸಿಗುತ್ತದೆ. ಬ್ರೇಕ್ ಒತ್ತಿದರೆ ಮೆಮೊರಿ ಅಳಿಸುವಂತೆ ಕೆಲವು ಆಟಗಳು ಮೊದಲೇ ಏರ್ಪಾಡು ಮಾಡಿರುತ್ತವೆ. ಅವುಗಳ ಆಸೆ ಬಿಡಿ.

ಈ ಫೈಲನ್ನು ಈಗಿನ ಕಂಪ್ಯೂಟರಿಗೆ ಒಯ್ದು ಸುಮ್ನೆ ಹೆಸರು ಬದಲಿಸಿದರೆ ಚಿತ್ರ ತೆರೆಯುವುದಿಲ್ಲ. ಒಂದು ಬೈಟಿನಲ್ಲಿ ನಾಲ್ಕು ಚುಕ್ಕೆ ಇರುತ್ತವೆ. ಮೊದಲ ಚುಕ್ಕೆಯ ಬಣ್ಣ 7 ಮತ್ತು 3ನೇ ಬಿಟ್‌ನಲ್ಲಿ, ಎರಡನೆಯದು 6 ಮತ್ತು 2ರಲ್ಲಿ, ಹೀಗೆ ಹಂಚಿಕೊಂಡಿರುತ್ತದೆ. ಈಗಿನ ಕಂಪ್ಯೂಟರಿನಲ್ಲೇ ಬಿಬಿಸಿ ಮೈಕ್ರೊದಂತೆ ನಡೆಯುವ ಬೀಬ್‌ಎಮ್‌ನಂಥ ಎಮ್ಯುಲೇಟರಿನಲ್ಲಿ ತೆರೆದು ಅಲ್ಲಿಂದ ಚಿತ್ರ ತೆಗೆಯುವುದೇ ಸಲೀಸು.

ಕೊನೆಗೆ ಫ್ಲಾಪಿ ಲೆಕ್ಕ. 40 ಟ್ರ್ಯಾಕಿನ ಒಂದು ಬದಿಯಲ್ಲಿ 400 ಸೆಕ್ಟರ್, ಅಂದರೆ 256 ಬೈಟಿನ ತುಂಡುಗಳು. ಇಡೀ ಪರದೆಗೆ 80 ಬೇಕು. ಐದು ಚಿತ್ರ ಕೂರಬೇಕಲ್ಲ? ಕೂರುವುದಿಲ್ಲ. ಮೊದಲ ಎರಡು ಸೆಕ್ಟರ್ ಫೈಲುಗಳ ಪಟ್ಟಿಗೆ ಹೋಗುತ್ತವೆ, ಐದನೆಯ ಚಿತ್ರ ಅಷ್ಟಕ್ಕೇ ಹೊರಗೆ ಉಳಿಯುತ್ತದೆ. 7600ಕ್ಕೆ ನಿಲ್ಲಿಸಿದರೆ ಒಂದಕ್ಕೆ 70 ಸೆಕ್ಟರ್. ಐದೂ ಕೂರುತ್ತವೆ, ಗೋಮಿ ತುಣುಕುಗಳಿಗೂ ಜಾಗ ಮಿಗುತ್ತದೆ.