ಗಾಳಿ ಹೋದ ದಿನಕ್ಕೆ ಮೊದಲೇ ತಯಾರಿ: ಹಳೇ ಷೆವರ್ಲೆ ಪಿಕಪ್‌ಗೆ ಏರ್ ಬ್ಯಾಗ್ ಕೂರಿಸಿದ ಕಥೆ

ನನ್ನ ಹತ್ತಿರ 1970ರ ಷೆವರ್ಲೆ ಸಿ10 ಪಿಕಪ್ ಇದೆ. ಹಿಂದೆ ಸಾಮಾನು ಹಾಕುವ ಬೆಡ್ ಎಂಟು ಅಡಿ. ಓಹಾಯೋದಲ್ಲಿ ಮನೆ ಇರುವುದರಿಂದ ಚಳಿಗಾಲದಲ್ಲಿ ಅದನ್ನು ಹೊರಗೆ ತೆಗೆಯುವುದಿಲ್ಲ. ರಸ್ತೆಗೆ ಸುರಿಯುವ ಉಪ್ಪು ಹಳೇ ಕಬ್ಬಿಣವನ್ನು ತಿಂದುಬಿಡುತ್ತದೆ. ಬೇಸಿಗೆಯಲ್ಲಿ ಮಾತ್ರ ಕನ್ನಡ ಕೂಟದ ಕುರ್ಚಿ, ಗಿಡದ ಬುಡಕ್ಕೆ ಹಾಕುವ ಮರದ ಚಕ್ಕೆ, ಯಾರದೋ ಸೋಫಾ, ಎಲ್ಲಾ ಇದರಲ್ಲೇ ಸಾಗುತ್ತದೆ.

ಹಿಂದಿನ ಮಾಲೀಕ ಗಾಡಿ ತಗ್ಗಾಗಿ ಕಾಣಲಿ ಅಂತ ಹಿಂಬದಿಗೆ ಗಿಡ್ಡ ಕಾಯಿಲ್ ಸ್ಪ್ರಿಂಗ್ ಹಾಕಿಸಿದ್ದ. ನೋಡೋಕೆ ಚೆನ್ನಾಗಿತ್ತು. ನಾಲ್ಕು ಚೀಲ ಸಿಮೆಂಟ್ ಹಾಕಿದರೆ ಮಾತ್ರ ಹಿಂಭಾಗ ಕೂತೇಬಿಡುತ್ತಿತ್ತು, ಪ್ರತಿ ಗುಂಡಿಗೂ ಧಡ್ ಅಂತ ಏಟು. ಖಾಲಿ ಇದ್ದಾಗ ತಗ್ಗಾಗಿರಬೇಕು, ಭಾರ ಹಾಕಿದಾಗ ಮಟ್ಟವಾಗಿ ನಿಲ್ಲಬೇಕು. ಇವೆರಡೂ ಬೇಕು ಅಂದರೆ ಗಾಳಿಯೇ ದಾರಿ: ಸ್ಪ್ರಿಂಗ್ ಬದಲು ಗಾಳಿ ತುಂಬಿದ ರಬ್ಬರ್ ಬ್ಯಾಗ್. ಅಪಘಾತವಾದಾಗ ಉಬ್ಬುವ ಏರ್ ಬ್ಯಾಗ್ ಅಲ್ಲ ಇದು.

ಈ ಕೆಲಸಕ್ಕೆ ಸಿ10 ಹೇಳಿ ಮಾಡಿಸಿದ ಗಾಡಿ. ಆ ಕಾಲದ ಬಹಳ ಪಿಕಪ್‌ಗಳಿಗೆ ಹಿಂದೆ ಪಟ್ಟಿ ಸ್ಪ್ರಿಂಗ್ ಇರುತ್ತಿತ್ತು. ಇದಕ್ಕೆ ಎರಡು ಉದ್ದನೆಯ ತೋಳುಗಳು, ಅವುಗಳ ಮೇಲೆ ಕಾಯಿಲ್. ಅಮೆರಿಕದ ನಾಸ್ಕಾರ್ ಕಪ್ ರೇಸ್ ಕಾರುಗಳೂ 2021ರವರೆಗೆ ಹಿಂದೆ ಇದೇ ಬಗೆಯ ತೋಳು ಬಳಸುತ್ತಿದ್ದವು, ಹೆಸರೇ 'ಟ್ರಕ್ ಆರ್ಮ್'. ಆಕ್ಸಲನ್ನು, ಅಂದರೆ ಹಿಂದಿನ ಚಕ್ರಗಳ ಅಚ್ಚನ್ನು, ಹಿಡಿದಿಡುವುದು ತೋಳುಗಳ ಕೆಲಸ, ಕಾಯಿಲ್ ಬರೀ ಭಾರ ಹೊರುತ್ತದೆ. ಹಾಗಾಗಿ ಕಾಯಿಲ್ ತೆಗೆದು ಅದೇ ಜಾಗದಲ್ಲಿ ಬ್ಯಾಗ್ ಕೂರಿಸಬಹುದು. ಪಟ್ಟಿ ಸ್ಪ್ರಿಂಗಿನ ಗಾಡಿಯಲ್ಲಿ ಹೀಗೆ ಆಗುವುದಿಲ್ಲ. ಅಲ್ಲಿ ಪಟ್ಟಿಯೇ ಆಕ್ಸಲನ್ನೂ ಹಿಡಿದಿರುತ್ತದೆ, ಬ್ಯಾಗನ್ನು ಜೊತೆಗೆ ಸೇರಿಸಬಹುದು ಅಷ್ಟೇ.

ಕಂಪ್ರೆಸರ್, ಟ್ಯಾಂಕು, ಸ್ವಿಚ್ಚು ಯಾವುದೂ ಬೇಡ ಅಂತ ಮೊದಲೇ ತೀರ್ಮಾನಿಸಿದ್ದೆ. ಎರಡು ಬ್ಯಾಗು, ಕಾಲಂಗುಲದ ಎರಡು ನೈಲಾನ್ ಟ್ಯೂಬು, ಹಿಂದಿನ ಬಂಪರ್ ಹತ್ತಿರ ಟೈರಿಗಿರುವಂಥದೇ ಎರಡು ವಾಲ್ವು. ಗ್ಯಾರೇಜಿನ ಪಂಪಿನಲ್ಲಿ ಗಾಳಿ ತುಂಬಿದರೆ ಆಯಿತು. ಒಟ್ಟು 400 ಡಾಲರ್ ಒಳಗೆ ಮುಗಿಯಿತು, ಶಾಕ್ ಅಬ್ಸಾರ್ಬರ್ ಬೇರೆ.

ಪೆಟ್ಟಿಗೆ ಬಿಚ್ಚಿದ ದಿನ ನಮ್ಮ ಮಾವ ಮನೆಯಲ್ಲಿದ್ದರು. ಹಾಸನದಲ್ಲಿ ಇಪ್ಪತ್ತು ವರ್ಷ ಲಾರಿ ಇಟ್ಟಿದ್ದವರು. ಬ್ಯಾಗನ್ನು ಕೈಯಲ್ಲಿ ತಿರುಗಿಸಿ ನೋಡಿದರು.

"ಅಳಿಯಂದ್ರೆ, ಇದರಲ್ಲಿ ಗಾಳಿ ಹೋದ್ರೆ ಏನ್ಮಾಡ್ತೀರಿ?"

"ಹೋಗಲ್ಲ ಮಾವ, ವೋಲ್ವೋ ಬಸ್ಸಿಗೂ ಇದನ್ನೇ ಹಾಕಿರೋದು."

"ಬಸ್ಸಿಗೆ ಡಿಪೋ ಇದೆ. ನಿಮಗೇನಿದೆ?"

ಸಿಟ್ಟು ಬಂತು. ಆದರೆ ಎಲ್ಲಾ ಅಳತೆಯನ್ನೂ ಗಾಳಿ ಇಲ್ಲದ ಸ್ಥಿತಿಯಿಂದಲೇ ಶುರು ಮಾಡಿದ್ದು ಆ ಮಾತಿನಿಂದ.

ಬಿಚ್ಚುವುದು ಸುಲಭ. ಮುಂದಿನ ಚಕ್ರಗಳಿಗೆ ಅಡ್ಡ ಕೊಟ್ಟು, ಚಾಸಿಯ (ಗಾಡಿಯ ಅಡಿ ಚೌಕಟ್ಟಿನ) ಕೆಳಗೆ ಜಾಕ್ ಸ್ಟ್ಯಾಂಡ್ ಇಟ್ಟು, ಆಕ್ಸಲನ್ನು ಬೇರೆ ಜಾಕ್ ಮೇಲೆ ಹಿಡಿದೆ. ಶಾಕ್‌ನ ಕೆಳಗಿನ ಬೋಲ್ಟ್ ಬಿಚ್ಚಿ ಆಕ್ಸಲನ್ನು ನಿಧಾನಕ್ಕೆ ಇಳಿಸಿದರೆ ಕಾಯಿಲ್ ಸಡಿಲವಾಗುತ್ತದೆ. ಅವಸರ ಬೇಡ, ಅದುಮಿಟ್ಟ ಸ್ಪ್ರಿಂಗ್ ಯಾರ ಮಾತೂ ಕೇಳುವುದಿಲ್ಲ. ಇಳಿಸುವಾಗ ಬ್ರೇಕಿನ ರಬ್ಬರ್ ಹೋಸ್ ಮೇಲೆ ಕಣ್ಣಿರಲಿ. ಆಕ್ಸಲ್ ಅದಕ್ಕೆ ಜೋತುಬಿದ್ದರೆ ಹೋಸ್ ಹಾಳು. ಐವತ್ತು ವರ್ಷದ ತುಕ್ಕಿನ ಬೋಲ್ಟಿಗೆ ಹಿಂದಿನ ರಾತ್ರಿಯೇ ಎಣ್ಣೆ ಬಿಟ್ಟಿದ್ದೆ. ಆದರೂ ಒಂದು ಮುರಿಯಿತು.

ಆಮೇಲೆ ಬ್ರಾಕೆಟ್ ಕೂರಿಸಿ, ಬ್ಯಾಗ್ ಹಾಕಿ, ಗಾಳಿ ತುಂಬದೆ ಆಕ್ಸಲನ್ನು ಜಾಕಿನಿಂದ ಮೇಲಕ್ಕೆ ಎತ್ತುತ್ತಾ ಹೋದೆ. ಒಂದು ಇಡೀ ಶನಿವಾರ ಇದಕ್ಕೇ ಹೋಯಿತು. ಮೊದಲು ಏನು ತಾಗುತ್ತದೆ? ತಾಗಬೇಕಾದದ್ದು ಬಂಪ್ ಸ್ಟಾಪ್, ಅಂದರೆ ಆಕ್ಸಲ್ ಚಾಸಿಗೆ ಬಡಿಯದಂತೆ ತಡೆಯುವ ರಬ್ಬರ್ ತುಂಡು. ನನ್ನದರಲ್ಲಿ ಅದಕ್ಕೂ ಮೊದಲೇ ಬ್ಯಾಗಿನ ಮೇಲಿನ ಕೆಳಗಿನ ಲೋಹದ ತಟ್ಟೆಗಳು ಒಂದಕ್ಕೊಂದು ಕೂತುಬಿಡುತ್ತಿದ್ದವು. ಅಂದರೆ ಗಾಳಿ ಹೋದ ದಿನ ಗಾಡಿಯ ಭಾರವೆಲ್ಲ ಬ್ಯಾಗಿನ ತಲೆಯ ಮೇಲೆ. ಸ್ವಲ್ಪ ಎತ್ತರದ ಬಂಪ್ ಸ್ಟಾಪ್ ತಂದು ಹಾಕಿದೆ. ಟೈರು, ಡ್ರೈವ್ ಶಾಫ್ಟು, ಬ್ರೇಕ್ ಪೈಪು ಎಲ್ಲವನ್ನೂ ಆ ಸ್ಥಿತಿಯಲ್ಲೇ ಟಾರ್ಚ್ ಹಿಡಿದು ನೋಡಿದೆ. ಇನ್ನೂ ತಗ್ಗಿಸಬೇಕು ಅನ್ನುವವರು ಆಕ್ಸಲ್ ಮೇಲೆ ಬರಲು ಚಾಸಿಯನ್ನೇ ಕತ್ತರಿಸಿ ಬಲಪಡಿಸುತ್ತಾರೆ. ನನಗೆ ಆ ಆಸೆಯೂ ಇಲ್ಲ, ಅಷ್ಟು ನಂಬಿಕೆ ಇಡುವಂಥ ವೆಲ್ಡಿಂಗ್ ಕೈಯೂ ಇಲ್ಲ.

ಆಕ್ಸಲ್ ಪೂರ್ತಿ ಕೆಳಗೆ ಜೋತಾಡುವಾಗಲೂ ಇದೇ ಲೆಕ್ಕ. ಅಲ್ಲಿ ಶಾಕ್ ತಡೆಯಬೇಕು, ಬ್ಯಾಗ್ ಎಳೆಸಿಕೊಳ್ಳಬಾರದು. ಅದಕ್ಕೇ ಶಾಕ್ ಬದಲಿಸಿದ್ದು.

ಇನ್ನೊಂದು ವಿಷಯ ನನಗೆ ಗೊತ್ತೇ ಇರಲಿಲ್ಲ. ಬ್ಯಾಗು ಅತಿ ದಪ್ಪವಾಗುವುದು ಎತ್ತರಕ್ಕೆ ನಿಂತಾಗ ಅಲ್ಲ, ಗಾಳಿ ಇದ್ದೂ ಅದುಮಿಕೊಂಡಾಗ. ನಿಂತ ಗಾಡಿಯಲ್ಲಿ ಬೆರಳು ತೂರುವಷ್ಟು ಜಾಗ ಇದ್ದರೆ ಗುಂಡಿಗೆ ಬಿದ್ದಾಗ ಅದೂ ಇರುವುದಿಲ್ಲ. ಸುತ್ತ ಒಂದಂಗುಲವಾದರೂ ಇರಲಿ. ನನ್ನ ಬಲಗಡೆ ಸೈಲೆನ್ಸರ್ ಪೈಪು ತೀರಾ ಹತ್ತಿರ ಇತ್ತು, ಅದನ್ನು ಬಗ್ಗಿಸಿಸಿ ನಡುವೆ ಒಂದು ತಗಡು ಹಾಕಿದೆ. ಬ್ರಾಕೆಟ್ಟಿನ ಅಂಚುಗಳನ್ನೆಲ್ಲ ಅರದಿಂದ ಉಜ್ಜಿದೆ. ಮತ್ತೆ, ಬ್ಯಾಗನ್ನು ಕೂರಿಸುವ ಮೊದಲು ನೆಲದ ಮೇಲಿಟ್ಟು ಸುಮ್ನೆ ಗಾಳಿ ತುಂಬಿ ನೋಡಬೇಡಿ. ಮೇಲೆ ಕೆಳಗೆ ಹಿಡಿತ ಇಲ್ಲದೆ ಅದು ಸಿಡಿಯಬಹುದು.

ಅಡ್ಡ ಸರಳಿನ ವಿಚಾರ ಬೇರೆ. ಆಕ್ಸಲ್ ಪಕ್ಕಕ್ಕೆ ಸರಿಯದಂತೆ ಒಂದು ಸರಳು ಇರುತ್ತದೆ, ಪ್ಯಾನ್‌ಹಾರ್ಡ್ ಬಾರ್ ಅಂತ. ಒಂದು ತುದಿ ಚಾಸಿಗೆ, ಇನ್ನೊಂದು ಆಕ್ಸಲಿಗೆ. ಆಕ್ಸಲ್ ಮೇಲೆ ಕೆಳಗೆ ಆಡಿದರೆ ಸರಳಿನ ತುದಿ ಕಮಾನಿನಂತೆ ತಿರುಗುತ್ತದೆ, ಅದರ ಜೊತೆ ಆಕ್ಸಲೂ ಪಕ್ಕಕ್ಕೆ ಸರಿಯುತ್ತದೆ. ಸ್ಪ್ರಿಂಗ್ ಗಾಡಿಯಲ್ಲಿ ಇದು ಸ್ವಲ್ಪ. ಗಾಳಿಯ ಗಾಡಿಯಲ್ಲಿ ಎತ್ತರದ ವ್ಯತ್ಯಾಸ ಜಾಸ್ತಿ, ಸರಿಯುವುದೂ ಜಾಸ್ತಿ. ಗಾರೆಯವರ ತೂಗುಗುಂಡನ್ನು ಬೆಡ್ಡಿನ ಎರಡೂ ಕಡೆ ಇಳಿಬಿಟ್ಟು ಅಳೆದೆ. ಒಂದು ಟೈರು ಹೊರಗೆ ಇಣುಕುತ್ತಿತ್ತು, ಇನ್ನೊಂದು ಒಳಗೆ ಸೇರಿತ್ತು. ಉದ್ದ ಹೊಂದಿಸಬಹುದಾದ ಸರಳು ತಂದು, ಗಾಡಿ ಓಡುವ ಎತ್ತರದಲ್ಲಿ ಅದು ಮಟ್ಟವಾಗಿರುವಂತೆ ಕೂರಿಸಿದ ಮೇಲೆ ಸರಿಹೋಯಿತು.

ಗಾಳಿ ಎಷ್ಟು ಬೇಕು? ಒತ್ತಡವನ್ನು ಬ್ಯಾಗಿನ ವಿಸ್ತೀರ್ಣದಿಂದ ಗುಣಿಸಿದರೆ ಅದು ಹೊರುವ ಭಾರ. 20 ಚದರ ಅಂಗುಲದ ಬ್ಯಾಗಿನಲ್ಲಿ 30 ಪಿಎಸ್‌ಐ (ಚದರ ಅಂಗುಲಕ್ಕೆ 30 ಪೌಂಡ್ ಒತ್ತಡ) ಇದ್ದರೆ 600 ಪೌಂಡ್, ಸುಮಾರು 270 ಕೆಜಿ. ನನ್ನದು ಖಾಲಿ ಇದ್ದಾಗ ಹೆಚ್ಚುಕಡಿಮೆ ಅಷ್ಟಕ್ಕೇ ಸರಿಯಾಗಿ ನಿಲ್ಲುತ್ತದೆ. ಭಾರ ಹಾಕಿದಾಗ 50ಕ್ಕೆ ಏರಿಸುತ್ತೇನೆ. ಖಾಲಿ ಗಾಡಿಗೆ 50 ಬಿಟ್ಟರೆ ಎತ್ತಿನ ಗಾಡಿಯೇ ವಾಸಿ. ಬ್ಯಾಗ್ ಬಂತು ಅಂತ ಗಾಡಿಯ ತಾಕತ್ತೇನೂ ಹೆಚ್ಚಲಿಲ್ಲ. ಆಕ್ಸಲ್, ಬ್ರೇಕು, ಟೈರು ಹಳೆಯವೇ ತಾನೇ?

ಎರಡೂ ಬ್ಯಾಗಿಗೆ ಒಂದೇ ವಾಲ್ವ್ ಸಾಕಲ್ಲ ಅಂತ ಗೆಳೆಯನೊಬ್ಬ ಹೇಳಿದ. ಬೇಡ. ತಿರುವಿನಲ್ಲಿ ಹೊರಗಿನ ಬ್ಯಾಗ್ ಅದುಮಿಕೊಂಡಾಗ ಅದರ ಗಾಳಿ ಒಳಗಿನ ಬ್ಯಾಗಿಗೆ ಹೋಗುತ್ತದೆ, ಗಾಡಿ ಇನ್ನೂ ವಾಲುತ್ತದೆ.

ಮೊದಲ ವಾರ ಬೆಳಗಾದರೆ ಎಡಗಡೆ ಕುಸಿದಿರುತ್ತಿತ್ತು. ಸೋಪಿನ ನೀರು ಹಚ್ಚಿ ನೋಡಿದರೆ ಟ್ಯೂಬು ಸೇರುವಲ್ಲಿ ಸಣ್ಣ ಗುಳ್ಳೆ. ಟ್ಯೂಬನ್ನು ಕಟಿಂಗ್ ಪ್ಲೇಯರಿನಲ್ಲಿ ಕತ್ತರಿಸಿದ್ದೆ, ತುದಿ ಓರೆಯಾಗಿತ್ತು. ಬ್ಲೇಡಿನಿಂದ ನೇರವಾಗಿ ಕತ್ತರಿಸಿ ಒತ್ತಿದೆ, ನಿಂತಿತು. ಹತ್ತು ನಿಮಿಷದ ಕೆಲಸಕ್ಕೆ ನಾಲ್ಕು ದಿನ ಬ್ಯಾಗನ್ನೇ ಬೈದಿದ್ದೆ.

ಮಾವ ಊರಿಗೆ ಹೋದ ಮುಂದಿನ ಮೇ ತಿಂಗಳಲ್ಲಿ ಅವರು ಕೇಳಿದ ದಿನ ಬಂತು. ಬೆಡ್ ತುಂಬ ಮರದ ಚಕ್ಕೆ ಹಾಕಿಕೊಂಡು ಬರುತ್ತಿದ್ದೆ. ಬಲಗಡೆ ಫುಸ್ ಅಂದು ಗಾಡಿ ಆ ಕಡೆ ಕೂತಿತು. ಪಕ್ಕಕ್ಕೆ ನಿಲ್ಲಿಸಿ ಬಗ್ಗಿ ನೋಡಿದೆ. ಟ್ಯೂಬಿಗೆ ಕಟ್ಟಿದ್ದ ಪ್ಲಾಸ್ಟಿಕ್ ಪಟ್ಟಿ ಹರಿದು, ಟ್ಯೂಬು ಸೈಲೆನ್ಸರಿಗೆ ತಾಗಿ ಕರಗಿತ್ತು. ಆಕ್ಸಲ್ ಬಂಪ್ ಸ್ಟಾಪ್ ಮೇಲೆ ಕೂತಿತ್ತು. ಟೈರು ಎಲ್ಲೂ ಉಜ್ಜುತ್ತಿರಲಿಲ್ಲ. ಎಡಗಡೆಯ ಗಾಳಿಯನ್ನೂ ಸ್ವಲ್ಪ ಬಿಟ್ಟು ವಾಲಿದ್ದನ್ನು ಕಡಿಮೆ ಮಾಡಿ, ಹಳ್ಳಿ ರಸ್ತೆಯಲ್ಲಿ ಮೂವತ್ತು ಮೈಲಿ ವೇಗದಲ್ಲಿ ಮನೆ ಸೇರಿದೆ. ಈಗ ಟ್ಯೂಬು ಚಾಸಿಯ ಇನ್ನೊಂದು ಪಕ್ಕದಲ್ಲಿ ಹೋಗುತ್ತದೆ, ರಬ್ಬರ್ ಹಾಕಿದ ಲೋಹದ ಕ್ಲ್ಯಾಂಪಿನಲ್ಲಿ.

ರಾತ್ರಿ ಹಾಸನಕ್ಕೆ ಫೋನ್ ಮಾಡಿ ಎಲ್ಲಾ ಹೇಳಿದೆ. ಮಾವ ಪೂರ್ತಿ ಕೇಳಿಸಿಕೊಂಡು, "ಲೋಡು ಚೆಲ್ಲಲಿಲ್ಲ ತಾನೇ?" ಅಂದರು.