ಸೀತಾಳೆ ದಂಡೆಯನ್ನು ಅಂಗಳದ ಮರಕ್ಕೆ ಹತ್ತಿಸುವುದು

ಪತ್ತನಾಜೆಯ (ಮೇ ಕೊನೆಯ ವಾರದ ತುಳು ಪರ್ವದಿನ) ಆಸುಪಾಸಿಗೆ ಹಳೆಯ ಹಲಸು, ಮಾವಿನ ಕೊಂಬೆಗಳಿಂದ ನರಿಬಾಲದ ಹಾಗೆ ಜೋತುಬೀಳುವ ಬಿಳಿ-ನೇರಳೆ ಗೊಂಚಲು ಸೀತಾಳೆ ದಂಡೆಯದ್ದು. ಸೀತೆ ದಂಡೆ ಎಂದೂ ಹೇಳುತ್ತಾರೆ. ಮರದ ಮೇಲೆ ಬೆಳೆಯುವ ಈ ಆರ್ಕಿಡ್‌ನ ಸಸ್ಯಶಾಸ್ತ್ರದ ಹೆಸರು ರಿಂಕೋಸ್ಟೈಲಿಸ್ ರೆಟೂಸಾ. ಅಸ್ಸಾಮಿನಲ್ಲಿ ಇದೇ ಕಪೌ ಫೂಲ್, ಆ ರಾಜ್ಯದ ಹೂವು. ಬಿಹು ಕುಣಿತದ ಹೆಣ್ಣುಮಕ್ಕಳ ಮುಡಿಗೇರುತ್ತದೆ. ಚೆನ್ನಾಗಿ ಬೆಳೆದ ಗಿಡದ ಒಂದೇ ಗೊಂಚಲಲ್ಲಿ ನೂರಕ್ಕೂ ಮಿಕ್ಕಿ ಹೂಗಳಿರುತ್ತವೆ.

ಇದನ್ನು ಬಂದಣಿಕೆ ಎಂದುಕೊಂಡು ಕತ್ತಿಯಲ್ಲಿ ಕೆರೆದು ಬಿಸಾಡುವವರು ಈಗಲೂ ಇದ್ದಾರೆ. ದಯವಿಟ್ಟು ಬೇಡ. ಬಂದಣಿಕೆ ಮರದೊಳಕ್ಕೆ ಬೇರಿಳಿಸಿ ರಸ ಹೀರುತ್ತದೆ. ಸೀತಾಳೆಯ ಬೇರು ತೊಗಟೆಯ ಮೇಲೆ ಅಂಟಿಕೊಳ್ಳುತ್ತದೆ, ಅಷ್ಟೆ. ಮಳೆನೀರು, ಹಬೆ, ತೊಗಟೆಯ ಮೇಲಿನ ಧೂಳು-ಕಸುವೇ ಅದರ ಆಹಾರ.

ಕಾಡಿನ ಮರದಿಂದ ಗಿಡ ಕೀಳಬೇಡಿ. ಕಾನೂನಿನ ಮಾತು ಹಾಗಿರಲಿ, ಕಿತ್ತ ಗಿಡದ ಬೇರುಗಳು ಹರಿದು ಹೆಚ್ಚಿನವು ಸಾಯುತ್ತವೆ. ನರ್ಸರಿಯಲ್ಲಿ ಕೊಳ್ಳುವಾಗ ಹೂ ನೋಡಿ ಮರುಳಾಗದೆ ಬೇರು ನೋಡಿ: ಹಸಿರು ತುದಿಯ, ಅದುಮಿದರೆ ಗಟ್ಟಿಯಾದ ಬೇರು ಕನಿಷ್ಠ ಮೂರು, ಎಲೆ ನಾಲ್ಕೈದು ಇರಲಿ.

ಕಾಸರಗೋಡಿನ ಹವೆಯಲ್ಲಿ ಈ ಗಿಡಕ್ಕೆ ನೀರಿನ ಕೊರತೆಗಿಂತ ನಿಂತ ನೀರಿನ ಭಯ ಹೆಚ್ಚು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಿಡದೆ ಸುರಿಯುವ ಮಳೆಯಲ್ಲಿ ಎರಡು ಮಳೆಗಳ ನಡುವೆ ಬೇರು ಒಣಗಬೇಕು. ಜಾಗ ಆರಿಸುವುದು, ಕಟ್ಟುವುದು ಎಲ್ಲವೂ ಇದನ್ನೇ ನೋಡಿಕೊಂಡು.

ಮರ: ಒರಟು ತೊಗಟೆಯ ಮಾವು, ಹಲಸು ಉತ್ತಮ. ತೊಗಟೆ ಉದುರಿಸುವ ಪೇರಳೆ ಬೇಡ, ಬೇರು ಹಿಡಿದ ಸಿಪ್ಪೆಯೇ ಕಳಚಿ ಬೀಳುತ್ತದೆ. ಮಳೆ ನೈಋತ್ಯದಿಂದ ಹೊಡೆಯುವುದರಿಂದ ಕಾಂಡದ ಪೂರ್ವದ ಮಗ್ಗುಲಿಗೆ, ಆರೇಳು ಅಡಿ ಎತ್ತರದಲ್ಲಿ, ಬೆಳಗ್ಗಿನ ಬಿಸಿಲು ಸೋಸಿ ಬರುವಲ್ಲಿ ಕಟ್ಟಿ.

ಹೂ ಮುಗಿದು ಬೇರಿನ ತುದಿ ಹಸಿರಾಗಿ ಚಿಗುರುವ ಜೂನ್ ಕೊನೆ-ಜುಲೈ ಕಟ್ಟಲು ಸರಿಯಾದ ಹೊತ್ತು. ಕೊಳೆತ, ಟೊಳ್ಳಾದ ಬೇರುಗಳನ್ನು ಬೆಂಕಿಗೆ ಹಿಡಿದು ಆರಿಸಿದ ಕತ್ತರಿಯಿಂದ ತೆಗೆದು, ಗಾಯ ಆರಲು ಎರಡು ದಿನ ನೆರಳಲ್ಲಿ ತೂಗುಹಾಕಿ. ಆಮೇಲೆ ಬೇರುಗಳನ್ನು ತೊಗಟೆಯ ಮೇಲೆ ಹರಡಿ, ಹಳೆ ಹತ್ತಿಬಟ್ಟೆಯ ಪಟ್ಟಿ ಅಥವಾ ತೆಂಗಿನ ಹುರಿಯಿಂದ ಅಲುಗಾಡದಂತೆ ಬಿಗಿಯಿರಿ. ಬಾಳೆನಾರು ಮಳೆಗೆ ಬೇಗ ಕೊಳೆತು ಹರಿಯುತ್ತದೆ. ತಾಮ್ರದ ತಂತಿಯಂತೂ ಬೇಡವೇ ಬೇಡ. ಗಿಡದ ಸುಳಿ ಆಕಾಶಕ್ಕೆ ಬಾಯಿ ತೆರೆದಿರದೆ ಪಕ್ಕಕ್ಕೆ ವಾಲಿರಲಿ, ನೀರು ಜಾರಿಹೋಗಲಿ. ಬೇರಿನಡಿ ತೆಂಗಿನ ನಾರಿನ ದಿಂಬು ಇಡುವುದು ಇಲ್ಲಿನ ಸಾಮಾನ್ಯ ತಪ್ಪು. ಆಟಿ ತಿಂಗಳಲ್ಲಿ (ಜುಲೈ-ಆಗಸ್ಟ್) ಅದು ಸ್ಪಂಜಿನಂತೆ ನೆನೆದೇ ಇದ್ದು ಬೇರನ್ನು ಕೊಳೆಸುತ್ತದೆ. ಒಮ್ಮೆ ಕಟ್ಟಿದ ಮೇಲೆ ಕದಲಿಸಬೇಡಿ. ಬೇರು ಕದಡಿದರೆ ಈ ಗಿಡ ಮುನಿಸಿಕೊಂಡು ಒಂದು ವರ್ಷ ಹೂ ಬಿಡದಿರುವುದುಂಟು.

ಮರವಿಲ್ಲದವರು ಮರದ ಪಟ್ಟಿಯ ಬುಟ್ಟಿಯಲ್ಲಿ ಮೂರರಿಂದ ಐದು ಸೆಂಟಿಮೀಟರಿನ ಇದ್ದಿಲು, ಹಂಚಿನ ಚೂರು ತುಂಬಿ ಬೆಳೆಸಬಹುದು. ಮಣ್ಣು ಒಂದು ಹಿಡಿಯೂ ಬೇಡ.

ಮಳೆ ನಿಂತ ಮೇಲೆ ಅಕ್ಟೋಬರ್-ನವೆಂಬರಿನಲ್ಲಿ ದಿನಾ ಬೆಳಗ್ಗೆ ನೀರು. ಡಿಸೆಂಬರ್-ಜನವರಿ ವಿಶ್ರಾಂತಿಯ ಕಾಲ, ಎರಡು ಮೂರು ದಿನಕ್ಕೊಮ್ಮೆ ಸಾಕು. ಏಪ್ರಿಲ್-ಮೇ ಸೆಕೆಗೆ ಬೆಳಗ್ಗೆ ಮತ್ತು ನಾಲ್ಕು ಗಂಟೆಯೊಳಗೆ ಇನ್ನೊಮ್ಮೆ; ಕತ್ತಲಾಗುವ ಮೊದಲು ಎಲೆ ಆರಿರಬೇಕು. ಒಣಗಿದ ಬೇರು ಬೆಳ್ಳಗೆ, ನೆನೆದದ್ದು ಹಸಿರು. ಪೂರ್ತಿ ಹಸಿರಾಗುವ ತನಕ ಹನಿಸಿ, ತುಸು ಚಿಮುಕಿಸಿ ನಿಲ್ಲಿಸಿದರೆ ಸಾಲದು. ನೀರಿಗಾಗಿ ಗುಡ್ಡದ ಕಲ್ಲು ಕೊರೆದ ಸುರಂಗದ ಮೆದು ನೀರು ಇದಕ್ಕೆ ಹೇಳಿಸಿದ್ದು. ಕಡಲ ಬದಿಯ ಉಪ್ಪುನೀರಿನ ಬಾವಿಯಾದರೆ ಮಳೆನೀರು ಕೂಡಿಡಿ.

ಗೊಬ್ಬರ ತೆಳ್ಳಗೆ: ಲೀಟರಿಗೆ ಅರ್ಧ ಗ್ರಾಂ 19:19:19 (ಸಾರಜನಕ, ರಂಜಕ, ಪೊಟ್ಯಾಷ್ ಸಮಪಾಲಿನ ಗೊಬ್ಬರ), ಬೆಳವಣಿಗೆಯ ತಿಂಗಳುಗಳಲ್ಲಿ ವಾರಕ್ಕೊಮ್ಮೆ. ಒಣಬೇರಿಗೆ ಹಾಕದೆ, ಮೊದಲು ನೀರು ಹನಿಸಿ ಆಮೇಲೆ ಸಿಂಪಡಿಸಿ.

ತೋಟದವರು ನೆನಪಿಡಬೇಕಾದ್ದು ಮೈಲುತುತ್ತ-ಸುಣ್ಣದ ಬೋರ್ಡೋ ದ್ರಾವಣ. ಅಡಿಕೆಗೆ ಕೊಳೆರೋಗದ ಮದ್ದು ಬಿಡುವ ಹೊತ್ತೂ ಸೀತಾಳೆ ಹೂಬಿಡುವ, ಬೇರು ಚಿಗುರುವ ಹೊತ್ತೂ ಹೆಚ್ಚುಕಡಿಮೆ ಒಂದೇ. ಮೈಲುತುತ್ತ ಹೂವನ್ನೂ ಎಳೆ ಬೇರಿನ ತುದಿಯನ್ನೂ ಸುಡುತ್ತದೆ. ಆ ದಿನ ಪ್ಲಾಸ್ಟಿಕ್ ಹಾಳೆ ಹೊದಿಸಿ, ಕೆಲಸ ಮುಗಿದೊಡನೆ ತೆಗೆಯಿರಿ.

ಹಾಗೆಂದು ಸೀತಾಳೆಗೆ ಕೊಳೆ ಬರುವುದಿಲ್ಲ ಎಂದಲ್ಲ. ಅಡಿಕೆಯನ್ನು ಕಾಡುವ ಫೈಟಾಫ್ತೊರಾ ಕುಲದ ರೋಗಾಣು ಇದರ ಸುಳಿಗೂ ಬೀಳುತ್ತದೆ: ಬುಡ ಕಪ್ಪಾಗಿ, ಎಲೆ ಎಳೆದರೆ ಕೈಗೇ ಬರುತ್ತದೆ. ಕಪ್ಪು ಭಾಗವನ್ನು ಹಸಿರು ಕಾಣುವವರೆಗೂ ಕತ್ತರಿಸಿ, ಮೆಟಲಾಕ್ಸಿಲ್-ಮ್ಯಾಂಕೋಜೆಬ್ ಎಂಬ ಶಿಲೀಂಧ್ರನಾಶಕ ಮಿಶ್ರಣವನ್ನು ಲೀಟರಿಗೆ 2 ಗ್ರಾಂನಂತೆ ಕಲಸಿ ಸಿಂಪಡಿಸಿ. ಬುಟ್ಟಿಯ ಗಿಡವಾದರೆ ಒಂದು ವಾರ ಮಳೆಗೆ ಒಡ್ಡದೆ ಜಗಲಿಗೆ ತನ್ನಿ. ಬೇರಿನ ತುದಿ ರಾತ್ರೋರಾತ್ರಿ ಮಾಯವಾದರೆ ಅದು ಬಸವನಹುಳ. ಟಾರ್ಚ್ ಹಿಡಿದು ಹೆಕ್ಕುವುದೇ ಸುಲಭ.

ಎಲೆ ಕಡುಹಸಿರಾಗಿ ಉದ್ದಕ್ಕೆ ಜೋತಿದ್ದು ಹೂ ಇಲ್ಲವಾದರೆ ನೆರಳು ಹೆಚ್ಚಾಗಿದೆ ಎಂದರ್ಥ. ಗಿಡವನ್ನು ಮುಟ್ಟದೆ, ಮೇಲಿನ ಒಂದೆರಡು ಕೊಂಬೆ ಸವರಿ. ಅದೂ ಮಳೆ ಮುಗಿದು ಬಿಸಿಲು ಇನ್ನೂ ಎಳೆಯದಾಗಿರುವ ಅಕ್ಟೋಬರಿನಲ್ಲೇ. ಮಾರ್ಚಿನಲ್ಲಿ ಸವರಿದರೆ ನೆರಳಿಗೆ ಒಗ್ಗಿದ ಎಲೆ ನಾಲ್ಕೇ ದಿನದಲ್ಲಿ ಬಿಳಿಚಿ ಸುಟ್ಟುಹೋಗುತ್ತದೆ.